ತೂಕ ಇಳಿಯೋದು ನಿಂತಿದೆಯಾ? ಊಟಕ್ಕೆ ಕೈ ಹಾಕುವ ಮುಂಚೆ ನೋಡಬೇಕಾದ್ದು

ಮಿಕ್ಸಿ ಓಡದಿದ್ದರೆ ಯಾರೂ ಮೊದಲೇ ಮೋಟಾರ್ ಬಿಚ್ಚುವುದಿಲ್ಲ. ಪ್ಲಗ್ ನೋಡುತ್ತೇವೆ, ಕರೆಂಟ್ ಇದೆಯಾ ನೋಡುತ್ತೇವೆ, ಜಾರ್ ಸರಿಯಾಗಿ ಕೂತಿದೆಯಾ ನೋಡುತ್ತೇವೆ. ತೂಕ ಇಳಿಸುವಾಗ ಮಾತ್ರ ಎಲ್ಲ ಉಲ್ಟಾ. ನಾಲ್ಕು ದಿನ ನಂಬರ್ ಅಲ್ಲಾಡಲಿಲ್ಲ ಅಂದರೆ ಸಾಕು, ಸೀದಾ ಮೋಟಾರಿಗೇ ಕೈ. ಅನ್ನ ಬಂದ್, ರಾತ್ರಿ ಊಟ ಬಂದ್, ಬೆಳಿಗ್ಗೆ ಜೀರಿಗೆ ನೀರು ಶುರು. ವಾರ ತುಂಬುವುದರೊಳಗೆ ಹಸಿವು ತಡೆಯದೆ ಚಕ್ಕುಲಿ ಡಬ್ಬಿ ಖಾಲಿ. ಆಮೇಲೆ "ನನ್ನ ಬಾಡಿನೇ ಹೀಗೆ" ಅಂತ ಕೈಚೆಲ್ಲುವುದು.

ನಾನು ನೋಡಿದ ಮಟ್ಟಿಗೆ, ಹೀಗೆ ಕೈಚೆಲ್ಲಿದ ಬಹಳ ಜನರ ಊಟ, ನಡಿಗೆ ಎರಡೂ ಸರಿಯಾಗಿಯೇ ಇದ್ದವು. ಕೆಟ್ಟಿದ್ದು ಅಳತೆ, ಇಲ್ಲವೇ ಅಳತೆಯನ್ನು ಓದುವ ರೀತಿ. ಅದಕ್ಕೇ ಈ ಕೈಪಿಡಿಯಲ್ಲಿ ಊಟದ ಮಾತು ನಾಲ್ಕನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಹಂತ ಹಾರಿಸಬೇಡಿ.

ಇದು ಒಂದು ತಿಂಗಳಾದರೂ ಊಟ ಕಡಿಮೆ ಮಾಡಿ, ನಡೆದಾಡಿ, ಸ್ವಲ್ಪ ಇಳಿದು, ಈಗ ಗೊಂದಲದಲ್ಲಿರುವ ದೊಡ್ಡವರಿಗೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ಕೊನೆಯ ಭಾಗ ಓದಿ.

ಮೊದಲು ದೂರನ್ನು ಸರಿಯಾಗಿ ಬರೆಯಿರಿ

"ತೂಕ ಇಳೀತಾನೇ ಇಲ್ಲ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಯಾವಾಗಿನಿಂದ? ಎಷ್ಟು ಸಲ ತೂಗಿ ಈ ಮಾತು ಹೇಳುತ್ತಿದ್ದೀರಿ? ಇವುಗಳಲ್ಲಿ ನಿಮ್ಮದು ಯಾವುದು ನೋಡಿ.

ಒಂದೇ ರಾತ್ರಿಯಲ್ಲಿ ಒಂದು, ಒಂದೂವರೆ ಕಿಲೋ ಏರಿದೆ: ಮೂರನೇ ಹಂತ ನಿಮ್ಮದು.
ಎರಡು ಮೂರು ವಾರದಿಂದ ಏರುತ್ತೆ, ಇಳಿಯುತ್ತೆ, ತಲೆಬುಡ ತಿಳಿಯುತ್ತಿಲ್ಲ: ಒಂದು ಮತ್ತು ಎರಡನೇ ಹಂತದಲ್ಲೇ ಬಹುತೇಕ ಮುಗಿಯುತ್ತದೆ.
ನಾಲ್ಕು ವಾರಕ್ಕೂ ಜಾಸ್ತಿ ಅಲ್ಲೇ ನಿಂತಿದೆ, ಸೊಂಟದ ಅಳತೆಯೂ ಅಷ್ಟೇ ಇದೆ: ಇದು ನಿಜವಾದ ನಿಲುಗಡೆ. ಆದರೂ ಒಂದರಿಂದಲೇ ಶುರು ಮಾಡಿ.
ಕಾಲು ಊದಿದೆ, ಏದುಸಿರು ಬರುತ್ತಿದೆ, ತೂಕ ದಿನಾ ಏರುತ್ತಿದೆ: ಏನನ್ನೂ ಪರೀಕ್ಷಿಸಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಹಂತ 1: ತೂಕದ ಯಂತ್ರ

ಮನೆಯ ಡಿಜಿಟಲ್ ಯಂತ್ರದ ನಾಲ್ಕು ಕಾಲಿನಲ್ಲೂ ಭಾರ ಗುರುತಿಸುವ ಸೆನ್ಸರ್ ಇರುತ್ತದೆ. ಚಾಪೆ, ಮ್ಯಾಟ್, ಅಲುಗಾಡುವ ಟೈಲ್ಸ್ ಮೇಲಿಟ್ಟರೆ ನಾಲ್ಕಕ್ಕೂ ಭಾರ ಸರಿಯಾಗಿ ಬೀಳುವುದಿಲ್ಲ. ಗಟ್ಟಿ, ಸಮತಟ್ಟಾದ ನೆಲದ ಮೇಲೆ ಒಂದು ಜಾಗ ಗೊತ್ತು ಮಾಡಿ, ಅಲ್ಲಿಂದ ಕದಲಿಸಬೇಡಿ. ಸರಿಸಿದರೆ ಒಮ್ಮೆ ಕಾಲಿಟ್ಟು ತೆಗೆದು, ಸೊನ್ನೆ ಬಂದ ಮೇಲೆ ತೂಗಿ.

ಈಗ ಪರೀಕ್ಷೆ. ಯಂತ್ರದ ಮೇಲೆ ನಿಂತು ನಂಬರ್ ಬರೆದುಕೊಳ್ಳಿ. ಇಳಿಯಿರಿ. ಒಂದು ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಮತ್ತೆ ನಿಲ್ಲಿ. ಸುಮಾರು ಒಂದು ಕಿಲೋ ಜಾಸ್ತಿ ತೋರಿಸಬೇಕು. ಬಾಟಲಿ ಕೆಳಗಿಟ್ಟು ಮೂರನೇ ಸಲ ನಿಂತಾಗ ಮೊದಲಿನ ನಂಬರಿಗೇ ವಾಪಸ್ ಬರಬೇಕು. ಬರೀ ಮೂರು ಸಲ ಹತ್ತಿ ಇಳಿದು "ಮೂರೂ ಸಲ ಒಂದೇ ತೋರಿಸ್ತು, ಯಂತ್ರ ಪಕ್ಕಾ" ಅನ್ನಬೇಡಿ. ಕೆಲವು ಯಂತ್ರಗಳು ಹಿಂದಿನ ನಂಬರನ್ನು ನೆನಪಿಟ್ಟುಕೊಂಡು, ವ್ಯತ್ಯಾಸ ಚಿಕ್ಕದಿದ್ದರೆ ಹಳೆಯದನ್ನೇ ತೋರಿಸಿಬಿಡುತ್ತವೆ. ಮಧ್ಯೆ ಬಾಟಲಿ ಹಿಡಿಯುವುದು ಅದಕ್ಕೇ. ಲೆಕ್ಕ ಸೇರದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ.

ಯಂತ್ರ ಅರ್ಧ ಕಿಲೋ ಜಾಸ್ತಿಯೋ ಕಡಿಮೆಯೋ ತೋರಿಸಿದರೆ ಚಿಂತೆ ಬೇಡ. ದಿನಾ ಅಷ್ಟೇ ತಪ್ಪು ತೋರಿಸಿದರೆ ಇಳಿಕೆಯ ಲೆಕ್ಕ ಕೆಡುವುದಿಲ್ಲ. ಇವತ್ತು ಮನೆಯಲ್ಲಿ, ನಾಳೆ ಜಿಮ್ಮಿನಲ್ಲಿ, ನಾಡಿದ್ದು ಬಸ್ ಸ್ಟ್ಯಾಂಡಿನ ಕಾಯಿನ್ ಮೆಷಿನ್‌ನಲ್ಲಿ ತೂಗಿದರೆ ಮಾತ್ರ ಲೆಕ್ಕ ಸಿಗುವುದೇ ಇಲ್ಲ.

ಕೊಬ್ಬು ಇಷ್ಟು ಪರ್ಸೆಂಟ್, ಸ್ನಾಯು ಇಷ್ಟು ಪರ್ಸೆಂಟ್ ಅಂತ ತೋರಿಸುವ ಯಂತ್ರ ಇದೆಯಾ? ಅದು ಪಾದದಿಂದ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಕಟ್ಟುತ್ತದೆ. ಮೈಯಲ್ಲಿ ನೀರು ಹೆಚ್ಚು ಕಡಿಮೆಯಾದರೆ ಅಂದಾಜೂ ಬದಲಾಗುತ್ತದೆ. ಆ ನಂಬರ್ ನೋಡಿ ಬೇಜಾರು ಮಾಡಿಕೊಳ್ಳುವುದು ಸುಮ್ನೆ.

ಹಂತ 2: ನಂಬರ್ ಓದುವ ರೀತಿ

ಬೆಳಿಗ್ಗೆ ಎದ್ದು, ಟಾಯ್ಲೆಟ್ಟಿಗೆ ಹೋಗಿ ಬಂದು, ಏನೂ ಕುಡಿಯುವ ಮುಂಚೆ, ಹೆಚ್ಚುಕಡಿಮೆ ಒಂದೇ ತರಹದ ಬಟ್ಟೆಯಲ್ಲಿ ತೂಗಿ. ಹೀಗೆ ತೂಗಿದರೂ ದಿನದಿಂದ ದಿನಕ್ಕೆ ನಂಬರ್ ಕುಣಿಯುತ್ತದೆ. ಹೇಗೆ ಅನ್ನುವುದಕ್ಕೆ ಒಂದು ಮಾದರಿ ಲೆಕ್ಕ ನೋಡಿ. ಸೋಮವಾರದಿಂದ ಭಾನುವಾರದವರೆಗೆ, ಕಿಲೋದಲ್ಲಿ.

ಮೊದಲ ವಾರ: 78.4, 78.9, 78.1, 77.8, 79.3, 78.8, 78.2
ಎರಡನೇ ವಾರ: 78.0, 77.9, 78.6, 78.3, 77.6, 77.5, 78.2

ಇದೇ ಮನುಷ್ಯ ಭಾನುವಾರ ಮಾತ್ರ ತೂಗುವವನಾಗಿದ್ದರೆ? 78.2ರಿಂದ 78.2. ಎರಡನೇ ವಾರದ ಕಷ್ಟವೆಲ್ಲ ದಂಡ ಅನಿಸುತ್ತಿತ್ತು. ಬುಧವಾರ ತೂಗುವವನಾಗಿದ್ದರೆ ಅರ್ಧ ಕಿಲೋ ಏರಿದೆ ಅಂತ ತಲೆ ಮೇಲೆ ಕೈ. ಮಂಗಳವಾರ ತೂಗುವವನು ಒಂದೇ ವಾರದಲ್ಲಿ ಒಂದು ಕಿಲೋ ಇಳಿಸಿದೆ ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ಏಳೂ ದಿನದ ಸರಾಸರಿ ತೆಗೆಯಿರಿ. ಮೊದಲ ವಾರ 78.5, ಎರಡನೇ ವಾರ 78.0. ಇಳಿದದ್ದು ಅರ್ಧ ಕಿಲೋ. ವಾರಕ್ಕೆ ಇದು ತುಂಬಾ ಒಳ್ಳೆಯ ಇಳಿಕೆ.

ಹಾಗಾಗಿ ನಿಯಮ ಇಷ್ಟೇ. ದಿನಾ ಬರೆದುಕೊಳ್ಳಿ, ಆದರೆ ದಿನದ ನಂಬರ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಮಾತ್ರ ಹೋಲಿಸಿ. ಎರಡು ವಾರಕ್ಕೊಮ್ಮೆ ಸೊಂಟ ಅಳೆಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಬಿಟ್ಟು, ಟೇಪ್ ಬರಿಮೈಗೆ ತಾಗುವಂತೆ. ಭಾರತೀಯರಿಗೆ ಹೇಳುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕ ನಿಂತಿದ್ದು ಸೊಂಟ ಇಳಿಯುತ್ತಿದ್ದರೆ ದೂರು ಇಲ್ಲಿಗೇ ಮುಗಿಯಿತು. ಏನನ್ನೂ ಬದಲಿಸಬೇಡಿ.

ದಿನಾ ತೂಗುವುದರಿಂದ ಮನಸ್ಸು ಕೆಡುತ್ತದೆ ಅನ್ನುವವರು ಅದನ್ನು ಬಿಟ್ಟು ಸೊಂಟದ ಅಳತೆ ಒಂದನ್ನೇ ಇಟ್ಟುಕೊಳ್ಳಿ. ಅದೂ ಸಾಕು.

ಹಂತ 3: ನೀರು

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಯುಗಾದಿ ಊಟ ಮಾಡಿದ ಮರುದಿನ ಒಂದು ಕಿಲೋ ಏರಿದೆ, ಅದೆಲ್ಲ ಕೊಬ್ಬು ಅನ್ನುತ್ತೀರಾ? ಒಂದು ಹೋಳಿಗೆಗೆ ತುಪ್ಪ ಸೇರಿಸಿ 300 ಕ್ಯಾಲೊರಿ ಅಂತ ಇಟ್ಟುಕೊಂಡರೂ, ದಿನದ ಮಾಮೂಲಿ ಊಟದ ಮೇಲೆ 25 ಹೋಳಿಗೆ ಹೊಡೆದಿರಬೇಕು. ಹೊಡೆದಿದ್ದೀರಾ? ಇಲ್ಲ ತಾನೇ. ಅದು ನೀರು, ಉಪ್ಪು, ಇನ್ನೂ ಹೊಟ್ಟೆಯಲ್ಲೇ ಇರುವ ಊಟ.

ಇದರ ಲೆಕ್ಕ ಹೀಗೆ. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ, ದೊಡ್ಡವರಲ್ಲಿ ಸುಮಾರು ಅರ್ಧ ಕಿಲೋ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಎರಡು ಕಿಲೋ ಇಳಿದೆ ಅಂತ ಕುಣಿಯುವುದು ಆಗಲೇ. ಮೂರನೇ ವಾರ ಅರ್ಧ ಕಿಲೋ ಇಳಿದಾಗ "ಸ್ಪೀಡ್ ಕಮ್ಮಿ ಆಯ್ತು" ಅನಿಸುತ್ತದೆ. ಸ್ಪೀಡ್ ಕಮ್ಮಿ ಆಗಿಲ್ಲ. ಮೊದಲ ವಾರದ ನಂಬರಿನಲ್ಲಿ ನೀರಿನ ಪಾಲೇ ದೊಡ್ಡದಿತ್ತು. ಬಹಳ ಜನ ಕೈಬಿಡುವುದು ಈ ಮೂರನೇ ವಾರದಲ್ಲೇ, ಮೊದಲ ವಾರದ ಜೊತೆ ಹೋಲಿಸಿಕೊಂಡು.

ನೀರು ನಿಲ್ಲಿಸುವ ಉಳಿದ ಕಾರಣಗಳನ್ನು ಒಂದೊಂದಾಗಿ ಕೇಳಿಕೊಳ್ಳಿ.

ನಿನ್ನೆ ಉಪ್ಪು ಜಾಸ್ತಿ ಹೋಯಿತಾ? ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಬಾಳಕ ಮೆಣಸಿನಕಾಯಿ, ಹೋಟೆಲ್ ಸಾಂಬಾರ್ ಇದ್ದ ದಿನ ಅದು ಮಧ್ಯಾಹ್ನಕ್ಕೇ ದಾಟಿರುತ್ತದೆ. ಎರಡು ಮೂರು ದಿನ ಮನೆ ಊಟ ಮಾಡಿದರೆ ತಾನೇ ಇಳಿಯುತ್ತದೆ.

ಮುಟ್ಟಿನ ದಿನ ಹತ್ತಿರ ಇದೆಯಾ? ಅದಕ್ಕೆ ಮುಂಚಿನ ವಾರ ಒಂದೆರಡು ಕಿಲೋ ನೀರು ನಿಲ್ಲುವುದು ಮಾಮೂಲಿ. ಹೆಂಗಸರು ಈ ವಾರವನ್ನು ಹೋದ ವಾರದ ಜೊತೆ ಹೋಲಿಸದೆ, ಹೋದ ತಿಂಗಳ ಇದೇ ವಾರದ ಜೊತೆ ಹೋಲಿಸಬೇಕು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಶುರು ಮಾಡಿ, ಮೂರನೇ ವಾರ "ನನ್ನದು ಇಳೀತು, ನಿನ್ನದು ಯಾಕೆ ಇಳೀಲಿಲ್ಲ" ಅಂತ ಜಗಳ ಆಗುವ ಮನೆಗಳಲ್ಲಿ ಈ ಒಂದು ಸಾಲನ್ನು ಫ್ರಿಜ್ ಮೇಲೆ ಅಂಟಿಸಬಹುದು.

ಹೊಸದಾಗಿ ಜಿಮ್, ಬಸ್ಕಿ, ಬೆಟ್ಟ ಹತ್ತುವುದು ಶುರು ಮಾಡಿದಿರಾ? ನೋಯುವ ಸ್ನಾಯು ರಿಪೇರಿಗೆ ನೀರು ಎಳೆದುಕೊಳ್ಳುತ್ತದೆ. ವ್ಯಾಯಾಮ ಶುರು ಮಾಡಿದ ವಾರವೇ ತೂಕ ಏರಿದರೆ ಬಹುಶಃ ಕಾರಣ ಇದೇ.

ಹೊಟ್ಟೆ ಸರಿಯಾಗಿ ಖಾಲಿ ಆಗುತ್ತಿದೆಯಾ? ಊಟ ಕಡಿಮೆಯಾದಾಗ ಮಲಬದ್ಧತೆ ಆಗುವುದುಂಟು. ಸೊಪ್ಪು, ತರಕಾರಿ, ನೀರು ಜಾಸ್ತಿ ಮಾಡಿ.

ಕೊಬ್ಬು ಹೋಗುತ್ತಿದ್ದರೂ ನೀರು ಅದನ್ನು ಮುಚ್ಚಿಡಬಲ್ಲದು. ಇದು ಹೊಸ ವಿಷಯವಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಆದರೂ ಕಾಲಲ್ಲಿ ನೀರು ತುಂಬಿಕೊಂಡು ಊದಿತ್ತು. ಊಟವನ್ನು ವಿಪರೀತ ಕಡಿಮೆ ಮಾಡುವುದರಿಂದ ಲೆಕ್ಕ ಇನ್ನಷ್ಟು ಗೋಜಲಾಗುತ್ತದೆ.

ಹಂತ 4: ಈಗ ಅಡುಗೆಮನೆ

ನಾಲ್ಕು ವಾರದ ಸರಾಸರಿಗಳು ಒಂದೇ ಇವೆ, ಸೊಂಟವೂ ಒಂದೇ ಇದೆ. ಆಗ ಮಾತ್ರ ಊಟದ ಕಡೆ ನೋಡಿ. ಬಹುತೇಕ ಸಲ ಇಲ್ಲಿ ಸಿಗುವುದು ಕದ್ದು ತಿಂದದ್ದಲ್ಲ, ಲೆಕ್ಕಕ್ಕೇ ಬಾರದ್ದು. ಅದರಲ್ಲಿ ಮೊದಲನೆಯದು ಎಣ್ಣೆ.

ನಮ್ಮ ಪಕ್ಕದ ಮನೆ ಅಕ್ಕ ಒಂದು ಸಲ ಅಂದರು, "ನಮ್ಮನೇಲಿ ಎಣ್ಣೆ ಬಳಸೋದೇ ಕಮ್ಮಿ ಕಣ್ರೀ. ಒಗ್ಗರಣೆಗೆ ಒಂದು ಚಮಚ, ಅಷ್ಟೇ."

"ತಿಂಗಳ ಸಾಮಾನಲ್ಲಿ ಎಷ್ಟು ಪ್ಯಾಕೆಟ್ ಬರೆಸ್ತೀರಿ ಅಕ್ಕಾ?"

"ಐದು." ಸ್ವಲ್ಪ ಯೋಚಿಸಿ, "ಹಬ್ಬ ಇದ್ರೆ ಆರು."

ಆ ಮನೆಯಲ್ಲಿ ನಾಲ್ಕು ಜನ. ಲೆಕ್ಕ ಹಾಕಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಒಂದು ಗ್ರಾಂಗೆ 9 ಕ್ಯಾಲೊರಿ. ಐದು ಲೀಟರ್ ಅಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, 340 ಕ್ಯಾಲೊರಿ. ಅದೇ ಮೂರು ಲೀಟರಿಗೆ ಇಳಿಸಿದರೆ 23 ಗ್ರಾಂ, 205 ಕ್ಯಾಲೊರಿ. ಈ ವ್ಯತ್ಯಾಸ ಒಂದೇ ತಿಂಗಳಿಗೆ ಸುಮಾರು ಅರ್ಧ ಕಿಲೋ ಕೊಬ್ಬಿಗೆ ಸಮ. ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆ ಆಗಿಲ್ಲ. ಚಮಚ ಅಳೆಯುವ ತಾಪತ್ರಯವೂ ಇಲ್ಲ, ದಿನಸಿ ಚೀಟಿ ನೋಡಿದರೆ ಸಾಕು. ಕರಿದು ಉಳಿದ ಎಣ್ಣೆ ಚೆಲ್ಲಿದ್ದರೆ ಅದನ್ನು ಕಳೆಯಿರಿ, ಆದರೆ ನಮ್ಮ ಮನೆಗಳಲ್ಲಿ ಅದನ್ನು ಎಲ್ಲಿ ಚೆಲ್ಲುತ್ತಾರೆ?

ಎರಡನೆಯದು ಲೋಟದಲ್ಲಿ ಹೋಗುವುದು. 100 ಮಿಲಿ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಸುಮಾರು 100 ಕ್ಯಾಲೊರಿ. ಆಫೀಸಿನಲ್ಲಿ ಯಾರು ಕರೆದರೂ ಎದ್ದು ಹೋಗುವವರಿಗೆ ದಿನಕ್ಕೆ ನಾಲ್ಕು ಸುಲಭ.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಅನ್ನ ಬಿಟ್ಟು ಮುದ್ದೆ ತಿಂದ ಮಾತ್ರಕ್ಕೆ ಕ್ಯಾಲೊರಿ ಕಡಿಮೆ ಆಗುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ಚಪಾತಿ ಹಿಟ್ಟೂ ಇದೇ ಆಸುಪಾಸು. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಹೆಚ್ಚು ಹೊತ್ತು ತುಂಬಿದ ಹಾಗಿರುತ್ತದೆ. ಅದು ನಿಜ, ಒಳ್ಳೆಯದೂ ಹೌದು. ಆದರೆ "ರಾಗಿ ತಾನೇ" ಅಂತ ಎರಡನೇ ಮುದ್ದೆ ಹಾಕಿಸಿಕೊಂಡರೆ ಬಂದ ಲಾಭ ಹೋಯಿತು. ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 170 ಕ್ಯಾಲೊರಿ ಇದೆ ಅನ್ನುವುದೂ ಹೀಗೇ ಮರೆತುಹೋಗುತ್ತದೆ.

ಇನ್ನು ನಡಿಗೆ. 70 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚು. ಪಾರ್ಕಿನಿಂದ ಗುಂಪಾಗಿ ಸೀದಾ ದರ್ಶಿನಿಗೆ ಹೋದರೆ ಎರಡು ಉದ್ದಿನ ವಡೆಗೆ ಅದು ಚುಕ್ತಾ. ನಡೆಯುವುದನ್ನು ಬಿಡಬೇಡಿ, ವಡೆಯನ್ನು ವಾರಕ್ಕೊಮ್ಮೆ ಮಾಡಿ.

ಇಷ್ಟೆಲ್ಲ ಸರಿ ಇದ್ದರೂ ನಿಂತಿದೆ ಅಂದರೆ, ನೀವು ಈಗಾಗಲೇ ಸಣ್ಣಗಾಗಿರುವುದೇ ಕಾರಣ ಇರಬಹುದು. ಒಂದು ಕಿಲೋ ಇಳಿದಾಗ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಇಳಿಯುತ್ತದೆ. 8 ಕಿಲೋ ಇಳಿದವರಿಗೆ ಆರು ತಿಂಗಳ ಹಿಂದಿನ ತಟ್ಟೆ ಈಗ ಸ್ವಲ್ಪ ದೊಡ್ಡದು. ದಿನಕ್ಕೆ 100ರಿಂದ 150 ಕ್ಯಾಲೊರಿ ಕಡಿಮೆ ಮಾಡಿ, ಇಲ್ಲವೇ ಕಾಲು ಗಂಟೆ ನಡಿಗೆ ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ವಾರ ಕಾಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ.

ಹಂತ 5: ಉತ್ಸಾಹ ಕೈಕೊಟ್ಟಿದೆ

ಇದರ ಲಕ್ಷಣಗಳು ಸ್ಪಷ್ಟ. ದಿನಕ್ಕೆ ಮೂರು ಸಲ ಯಂತ್ರ ಹತ್ತುವುದು. ನಂಬರ್ ಏರಿದ ದಿನ "ಹೋಗ್ಲಿ ಬಿಡು" ಅಂತ ಬೇಕರಿಗೆ ನುಗ್ಗುವುದು, ಇಳಿದ ದಿನ ಖುಷಿಗೆ ಅಂತ ಅದೇ ಬೇಕರಿಗೆ ಹೋಗುವುದು. ಯಾರದೋ ಮುಂಚಿನ-ಆಮೇಲಿನ ಫೋಟೋ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು.

ಮೊದಲು ಹಸಿವು ಮತ್ತು ನಿದ್ದೆ ನೋಡಿ. ಮಿನೆಸೋಟದ ಆ ಯುವಕರು ಆರೋಗ್ಯವಂತರು, ತಾವಾಗಿಯೇ ಮುಂದೆ ಬಂದವರು. ಅವರೇ ಕೆಲವು ವಾರಗಳಲ್ಲಿ ಸಿಡುಕರಾದರು, ಮಂಕಾದರು, ಸದಾ ಊಟದ್ದೇ ಧ್ಯಾನ. ಸಿಡುಕು ಜಾಸ್ತಿಯಾಗಿದ್ದರೆ ನಿಮ್ಮ ಮನಸ್ಸು ದುರ್ಬಲ ಅಂತಲ್ಲ, ತಟ್ಟೆ ತೀರಾ ಚಿಕ್ಕದಾಗಿದೆ ಅಂತ. 200 ಕ್ಯಾಲೊರಿ ವಾಪಸ್ ಸೇರಿಸಿ. ನಿಧಾನ ಆಗುತ್ತದೆ, ಆಗಲಿ. ನಿದ್ದೆಯದ್ದೂ ಹಾಗೇ. 2010ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಒಂದು ಸಣ್ಣ ಅಧ್ಯಯನದಲ್ಲಿ, ಒಂದೇ ತರಹದ ಊಟ ಕೊಟ್ಟು ಎರಡು ವಾರ ಎಂಟೂವರೆ ಗಂಟೆ, ಎರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆ ಕಡಿಮೆಯಾದಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಗೆ ಕುಸಿದಿತ್ತು.

ಆಮೇಲೆ, ತಲೆ ತಣ್ಣಗಿರುವಾಗಲೇ ಒಂದು ನಿಯಮ ಬರೆದಿಡಿ: "ಒಂದು ಬದಲಾವಣೆ ಮಾಡಿದ ಮೇಲೆ, ಮೂರು ವಾರದ ಸರಾಸರಿ ಕೈಗೆ ಬರುವವರೆಗೆ ಊಟದಲ್ಲಿ ಮತ್ತೇನೂ ಬದಲಾಯಿಸುವುದಿಲ್ಲ." ನಂಬರ್ ಏರಿದ ಬೆಳಿಗ್ಗೆ ತೀರ್ಮಾನ ಮಾಡುವ ಕೆಲಸವನ್ನೇ ಇದು ತಪ್ಪಿಸುತ್ತದೆ. ತಾಳ್ಮೆ ಹುಟ್ಟುಗುಣ ಅನ್ನುವವರನ್ನು ನಾನು ನಂಬುವುದಿಲ್ಲ. ಇಂಥ ಒಂದು ಚೀಟಿ ಇದ್ದವರು ಕಾಯುತ್ತಾರೆ, ಇಲ್ಲದವರು ಒದ್ದಾಡುತ್ತಾರೆ.

ತೂಕದ ಜೊತೆಗೆ ನಿಮ್ಮ ಕೈಯಲ್ಲೇ ಇರುವ ಇನ್ನೊಂದನ್ನು ಎಣಿಸಿ. ವಾರದಲ್ಲಿ ಎಷ್ಟು ದಿನ ನಡೆದಿರಿ, ಎಷ್ಟು ದಿನ ರಾತ್ರಿ ಎಂಟರೊಳಗೆ ಉಂಡಿರಿ, ಹೀಗೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗೀಟು ಹಾಕಬಹುದು. ಇದು ಮನಸ್ಸಿಗೆ ಸಮಾಧಾನ ಹೇಳುವ ಉಪಾಯ ಮಾತ್ರ ಅಲ್ಲ. ಭಾರತದಲ್ಲೇ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಊಟ ಮತ್ತು ನಡಿಗೆ ಸರಿಮಾಡಿಕೊಂಡವರಲ್ಲಿ ಕಾಯಿಲೆ ಬರುವ ಅಪಾಯ 28.5 ಪರ್ಸೆಂಟ್ ಕಡಿಮೆಯಾಗಿತ್ತು. ಅವರ ಸರಾಸರಿ ತೂಕ ಇಳಿದಿರಲೇ ಇಲ್ಲ.

ನೆಂಟರ ಮಾತು ಒಂದು ಬೇರೆ ತಾಪತ್ರಯ. ಮದುವೆ ಮನೆಯಲ್ಲಿ "ಏನೇ, ಡಯೆಟ್ ಅಂದೆ, ಹಂಗೇ ಇದ್ದೀಯಲ್ಲ" ಅನ್ನುವ ಚಿಕ್ಕಮ್ಮ ಎಲ್ಲರಿಗೂ ಒಬ್ಬರಿರುತ್ತಾರೆ. ತಿಂಗಳೊಳಗೆ ಇಷ್ಟು ಕಿಲೋ ಅಂತ ಊರಿಗೆಲ್ಲ ಹೇಳಿಕೊಂಡಿದ್ದರೆ ಈ ಮಾತು ಜಾಸ್ತಿ ಚುಚ್ಚುತ್ತದೆ. ಗುರಿಯನ್ನು ಮನೆಯ ಒಬ್ಬರಿಗೆ ಹೇಳಿ, ಸಾಕು. ಬಡಿಸುವವರು ಬಲವಂತ ಮಾಡಿದರೆ "ಡಯೆಟ್" ಅನ್ನಬೇಡಿ, ವಾದ ಶುರುವಾಗುತ್ತದೆ. "ಆಗಲೇ ಎರಡು ಸಲ ಹಾಕಿಸ್ಕೊಂಡೆ ಅತ್ತೆ" ಅಂದರೆ ಮುಂದಿನ ಎಲೆಗೆ ಹೋಗುತ್ತಾರೆ.

ಮೂರು ನಾಲ್ಕು ತಿಂಗಳು ಇಳಿಸುತ್ತಲೇ ಇದ್ದು ಸಾಕಾಗಿದ್ದರೆ ಎರಡು ವಾರ ಇಳಿಸುವುದನ್ನು ನಿಲ್ಲಿಸಿ, ಇದ್ದ ತೂಕ ಉಳಿಸಿಕೊಳ್ಳುವಷ್ಟು ತಿನ್ನಿ. ಮತ್ತೆ ಶುರು ಮಾಡುವ ತಾರೀಖನ್ನು ಮೊದಲೇ ಬರೆದಿಟ್ಟಿರಬೇಕು. ತಾರೀಖು ಇಲ್ಲದ ವಿರಾಮ ದಸರಾದಿಂದ ಸಂಕ್ರಾಂತಿವರೆಗೂ ಎಳೆಯುತ್ತದೆ.

ಮನೆಯಲ್ಲಿ ರಿಪೇರಿ ಆಗದ್ದು

ಎರಡು ಮೂರು ದಿನದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದರೆ ಅದು ಹೃದಯ ಅಥವಾ ಕಿಡ್ನಿ ತೊಂದರೆ ಇರಬಹುದು. ಕಾಯಬೇಡಿ.

ವಿಪರೀತ ಸುಸ್ತು, ಚಳಿ ತಡೆಯದಿರುವುದು, ಒಣ ಚರ್ಮ, ಕೂದಲು ಉದುರುವುದು ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲು ಬಂದರೆ ಪಿಸಿಒಡಿ (ಅಂಡಾಶಯ, ಹಾರ್ಮೋನಿಗೆ ಸಂಬಂಧಿಸಿದ ತೊಂದರೆ) ಇದೆಯಾ ಅಂತ ಡಾಕ್ಟರನ್ನು ಕೇಳಿ. ಎಲ್ಲದಕ್ಕೂ ಥೈರಾಯ್ಡ್ ಮೇಲೆ ಹಾಕುವುದೂ ಬೇಡ. ಅದರಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು.

ಸ್ಟೀರಾಯ್ಡ್, ಇನ್ಸುಲಿನ್, ಗ್ಲಿಮಿಪಿರೈಡ್‌ನಂಥ ಸಕ್ಕರೆ ಕಾಯಿಲೆ ಮಾತ್ರೆ, ಮೂರ್ಛೆ ರೋಗಕ್ಕೆ ಕೊಡುವ ವ್ಯಾಲ್ಪ್ರೋಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಓಲಾಂಜಪಿನ್ ಇವೆಲ್ಲ ತೂಕ ಏರಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಮೊದಲು ಡಾಕ್ಟರಿಗೆ ಹೇಳಿ, ಡೋಸ್ ಸರಿ ಮಾಡಿಸಿಕೊಂಡು ಆಮೇಲೆ ಊಟಕ್ಕೆ ಕೈ ಹಾಕಿ.

ತಿಂದದ್ದನ್ನು ವಾಂತಿ ಮಾಡುವುದು, ದಿನಗಟ್ಟಲೆ ಉಪವಾಸ, ತಿನ್ನಲು ಭಯ, ಗುಟ್ಟಾಗಿ ವಿಪರೀತ ತಿನ್ನುವುದು ಶುರುವಾಗಿದ್ದರೆ ತೂಕ ಇಳಿಸುವುದನ್ನು ಅಲ್ಲೇ ಬಿಟ್ಟು ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ತೂಕ ಬರೆದ ಹಾಳೆ, ಸೊಂಟದ ಅಳತೆ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ. ನಾಟಿ ಔಷಧ, ಪ್ರೋಟೀನ್ ಪುಡಿ, ಯಾರೋ ಹೇಳಿ ತರಿಸಿದ "ಸ್ಲಿಮ್ಮಿಂಗ್" ಚಹಾ ಇದ್ದರೆ ಅದರ ಡಬ್ಬಿಯೂ ಇರಲಿ.